ಚಪ್ಪಲಿ ಕಮಿಷನರ್

ತಾಂಬೋಗೊ,
೨೨ ಜನವರಿ ೧೯೯೨

ನನ್ನ ಮುದ್ದಿನ ಅಬಿಲ್ಬಾ,

ಹೇಗಿದ್ದೀಯ ಕಂದಾ? ಆ ಲೆಬನಾನಿನ ಚಳಿಯಲ್ಲಿ ನಿನ್ನ ಎಡ ಮಂಡಿಯ ನೋವು ಮತ್ತೆ ಎದ್ದಿಲ್ಲ ತಾನೆ? ಗುಡ್ಡದ ಮೇಲೆ ಹಿಮ ಬಿದ್ದಿದೆ ಎಂದು ನೀನು ಬರೆದದ್ದನ್ನು ಓದಿದ ದಿನದಿಂದ ಇಲ್ಲಿ ಬಿಸಿಲಲ್ಲಿ ಕೂತ ನನಗೇ ಕಾಲು ತಣ್ಣಗಾಗುತ್ತಿದೆ. ನಾನು ಕಳಿಸಿದ ಶಿಯಾ ಬೆಣ್ಣೆಯನ್ನು ಮಂಡಿಗೆ ತಿಕ್ಕಿಕೋ, ನಾಚಿಕೆಪಡಬೇಡ. ಶಾಂತಿಪಡೆಯ ಲೆಫ್ಟಿನೆಂಟನ ಮಂಡಿಯೂ ಮಂಡಿಯೇ. ನಿಮ್ಮ ಹುಡುಗರು ಪಡೆಯ ಅಡುಗೆಮನೆಯಲ್ಲಿ ಜೋಳದ ಮುದ್ದೆ ತಿರುವಲು ಹೋಗಿ ಸೌಟು ಮುರಿದರೆಂದು ಓದಿ ಒಬ್ಬಳೇ ನಕ್ಕೆ. ಇಲ್ಲಿ ನಾವೆಲ್ಲ ಕ್ಷೇಮ. ಹರ್ಮತಾನ್ ಗಾಳಿ ಈ ಸಲ ಬೇಗ ಹಿಡಿಯಿತು. ತುಟಿ ಒಡೆದು ನಗಲೂ ಹೆದರಿಕೆ, ತಟ್ಟೆಯಲ್ಲಿಟ್ಟ ಮುದ್ದೆಯ ಮೇಲೆ ತಿನ್ನುವಷ್ಟರಲ್ಲಿ ಧೂಳಿನ ಪದರ. ಗಿನಿಕೋಳಿಗಳು ಮಾತ್ರ ಯಾವ ಕಷ್ಟವೂ ಇಲ್ಲದೆ ಬೆಳಗಿನಿಂದ ಕಿರುಚುತ್ತಿವೆ. ನಿಮ್ಮಪ್ಪ ಇದ್ದಾಗ ಅವುಗಳನ್ನು "ನನ್ನ ಸಚಿವ ಸಂಪುಟ" ಎಂದು ಕರೆಯುತ್ತಿದ್ದರಲ್ಲ, ಈಗ ಅವಕ್ಕೆ ಹೇಳುವವರು ಕೇಳುವವರು ಇಲ್ಲ.

ನಿನ್ನ ಕಾಗದ ಹೋದ ವಾರ ಪಾದ್ರಿಯವರ ಮೋಟಾರಿನಲ್ಲಿ ಬಂತು. ಓದಿ ಮಡಿಸಿಟ್ಟೆ, ಮತ್ತೆ ತೆಗೆದು ಓದಿದೆ. ಸಾವಿನ ಸುದ್ದಿ ಮಣ್ಣಾದ ಮೇಲೆ ತಲುಪಿತೆಂದು ಬರೆದಿದ್ದೀಯ. ಅದು ಯಾರ ತಪ್ಪೂ ಅಲ್ಲ ಮಗನೇ, ನಮ್ಮ ಬಿಸಿಲಲ್ಲಿ ಹೆಣ ತಂತಿಗಾಗಿ ಕಾಯುವುದಿಲ್ಲ. ಆದರೆ ಕೊನೆಯಲ್ಲಿ, ಸಹಿಗೆ ಮುಂಚೆ, ಸಂದಿಯಲ್ಲಿ ತುರುಕಿದ ಹಾಗೆ ಒಂದು ಮಾತು ಬರೆದಿದ್ದೀಯ. ಅಧಿಕಾರಿಗಳ ಮೆಸ್ಸಿನಲ್ಲಿ ಹಿರಿಯನೊಬ್ಬ ಕುಡಿದ ಗುಂಗಿನಲ್ಲಿ ನಿನ್ನ ಬೆನ್ನು ತಟ್ಟಿ, "ಓಹೋ, ಚಪ್ಪಲಿ ಕಮಿಷನರ್ ಮಗನೋ ನೀನು!" ಎಂದನಂತೆ, ಸುತ್ತ ಕೂತವರು ನಕ್ಕರಂತೆ. "ಅಮ್ಮಾ, ನಾಂಗೊಲಿಯಲ್ಲಿ ಅಪ್ಪ ಹೆದರಿಬಿಟ್ಟಿದ್ರಾ? ನಿಜ ಹೇಳು" ಎಂದು ಕೇಳಿದ್ದೀಯ. ಆ ಅಡ್ಡಹೆಸರು ನಿನಗೆ ಹೊಸದಲ್ಲವೆಂದು ನನಗೆ ಗೊತ್ತು. ಸೈನಿಕ ಶಾಲೆಯಿಂದ ರಜೆಗೆ ಬಂದವನು ಒಂದು ವರ್ಷ ಅಪ್ಪನ ತಟ್ಟೆಯಲ್ಲಿ ಕೈಯಿಡದೆ ಬೇರೆ ಕೂತು ಉಂಡೆಯಲ್ಲ, ಆಗಲೇ ನನಗೂ ಅವರಿಗೂ ತಿಳಿದಿತ್ತು. ಹುಡುಗನಿಗೆ ಹೇಳಿ ಎಂದು ನಾನು ಎಷ್ಟೋ ಸಲ ಪೀಡಿಸಿದೆ. "ನಾನೇ ಹೇಳಿದ್ರೆ ಒಂದೋ ಬಡಾಯಿ ಆಗುತ್ತೆ, ಇಲ್ಲಾ ಗೋಳಾಗುತ್ತೆ. ಎರಡೂ ಬೇಡ ಬಿಡೇ" ಎನ್ನುತ್ತಿದ್ದರು. ಈಗ ಅವರಿಲ್ಲ, ನಾನು ಹೇಳುತ್ತೇನೆ. ಶಾಲೆಯಲ್ಲಿ ಪಾಠ ಹೇಳಿದವಳು, ಬುಡದಿಂದ ಶುರು ಮಾಡದಿದ್ದರೆ ನನಗೆ ಬಾಯಿ ಬರುವುದಿಲ್ಲ. ತಾಳ್ಮೆಯಿಂದ ಓದು.

ನಿಮ್ಮಪ್ಪ ಅಕೋಲ್ಬಿರೆ ಈ ತಾಂಬೋಗೊದ ಬಂಡೆಗಳ ನಡುವೆ ಪರರ ದನ ಕಾಯುತ್ತಿದ್ದ ಹುಡುಗ. ಬಿಳಿಯರ ಕಾಲದಲ್ಲಿ ಪಡೆಗೆ ಆಳು ಸೇರಿಸುವ ಲಾರಿ ಬೋಲ್ಗಾ ಸಂತೆಗೆ ಬಂದಾಗ ದನಗಳನ್ನು ತಮ್ಮ ಅನಾಫೊನಿಗೆ ಒಪ್ಪಿಸಿ ಲಾರಿ ಹತ್ತಿದರು. ಯಾಕೆ ಹತ್ತಿದಿರಿ ಎಂದರೆ, "ಬೂಟು ಕೊಡ್ತೀವಿ ಅಂದ್ರು" ಎನ್ನುತ್ತಿದ್ದರು. ಮೊದಲ ರಜೆಯಲ್ಲಿ ಆ ಬೂಟು ಸವೆಯಬಾರದೆಂದು ಕೊರಳಿಗೆ ನೇತುಹಾಕಿಕೊಂಡು ಬರಿಗಾಲಲ್ಲಿ ಊರಿಗೆ ನಡೆದು ಬಂದರಂತೆ. ನಾನು ಅವರನ್ನು ಕಂಡದ್ದು ಆಮೇಲೆ, ಸ್ವಾತಂತ್ರ್ಯ ಬಂದು ಅವರು ಅಧಿಕಾರಿಯಾದ ಮೇಲೆ. ಮಿಷನ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನನ್ನನ್ನು ಕೇಳಲು ಕೋಲಾ ಕಾಯಿ, ಗಿನಿಕೋಳಿ ಹಿಡಿದು ಬಂದ ಆ ಎತ್ತರದ ಮನುಷ್ಯ ನಮ್ಮಪ್ಪನ ಮುಂದೆ ಸೆಲ್ಯೂಟ್ ಹೊಡೆದುಬಿಟ್ಟರು. ನಮ್ಮಪ್ಪ ಗಾಬರಿಯಾಗಿ ಕೋಳಿಯನ್ನು ಕೈಬಿಟ್ಟ. ಮನೆಮಂದಿಯೆಲ್ಲ ಕೋಳಿಯ ಹಿಂದೆ ಓಡಿದೆವು. ನಮ್ಮ ಮದುವೆಯ ಮಾತುಕತೆ ನಡೆದದ್ದು ಹಾಗೆ, ಓಡುತ್ತ ಓಡುತ್ತ.

ಮದುವೆಯಾದ ವರ್ಷವೇ ಅವರನ್ನು ಕಾಂಗೋಗೆ ಕಳಿಸಿದರು, ಈಗ ನಿನ್ನನ್ನು ಕಳಿಸಿದ್ದಾರಲ್ಲ, ಅಂಥದೇ ನೀಲಿ ಟೋಪಿ ಹಾಕಿ. ಅಲ್ಲಿಂದ ಬಂದ ಮೇಲೆ ಒಂದೇ ಒಂದು ಸಂಗತಿ ಹೇಳಿದರು, ಅದೂ ಒಂದೇ ಸಲ. ಒಂದು ಊರಿನಲ್ಲಿ ಯಾವುದೋ ತುಕಡಿ ಸಂತೆಯ ಮೇಲೆ ಗುಂಡು ಹಾರಿಸಿತ್ತಂತೆ. ಮಾರನೆಯ ದಿನ ಇವರ ತುಕಡಿ ಆ ಸಂತೆಮಾಳಕ್ಕೆ ಹೋಯಿತು. "ಜನ ಯಾರೂ ಇರ್ಲಿಲ್ಲ ಅಯಿಂಪೋಕಾ. ಬರೀ ಚಪ್ಪಲಿ. ದೊಡ್ಡೋರದು, ಮಕ್ಕಳದು, ಮಾಳದ ತುಂಬಾ ಚಪ್ಪಲಿ" ಎಂದರು. ಅಷ್ಟೇ. ನಾನು ಮತ್ತೆ ಕೇಳಲಿಲ್ಲ. ಆದರೆ ಅಂದಿನಿಂದ ನಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿ ಚೆಲ್ಲಾಡಿದ್ದರೆ ಬಗ್ಗಿ ಜೋಡಿಸಿಟ್ಟೇ ಒಳಗೆ ಬರುತ್ತಿದ್ದರು. ಅದು ಪಡೆಯ ಶಿಸ್ತು ಎಂದು ನೀನು ತಿಳಿದಿದ್ದೆ.

ಆಮೇಲೆ ಪಡೆಯವರೇ ದೇಶದ ಗದ್ದುಗೆ ಹಿಡಿದರಲ್ಲ, ಮೇಜರುಗಳೆಲ್ಲ ಕರ್ನಲುಗಳಾದರು, ಕರ್ನಲುಗಳೆಲ್ಲ ಕಮಿಷನರುಗಳಾದರು. ನಿಮ್ಮಪ್ಪನಿಗೆ ಪಡುವಣದ ನಾಂಗೊಲಿ ಪ್ರಾಂತ ಬಂತು. ದಗಾಬ ಕುಲದವರ ನಾಡು. ನಮಗೂ ದಗಾಬರಿಗೂ ಇರುವ ಗೇಲಿಯ ನಂಟು ನಿನಗೆ ಗೊತ್ತೇ ಇದೆ. ಯಾವ ಕಾಲದಲ್ಲೋ ನಮ್ಮ ಅಜ್ಜನೂ ಅವರ ಅಜ್ಜನೂ ಒಂದು ನಾಯಿಯ ತಲೆಗಾಗಿ ಕಿತ್ತಾಡಿದರು, ಅಂದಿನಿಂದ ಒಬ್ಬರನ್ನೊಬ್ಬರು ಗುಲಾಮ ಎಂದು ಕರೆಯಬಹುದು, ಮೈಮೇಲೆ ನೀರು ಸುರಿಯಬಹುದು, ಹೆಣದ ಮುಂದೆಯೂ ಹೀಯಾಳಿಸಬಹುದು. ಕೋಪ ಮಾತ್ರ ಮಾಡಿಕೊಳ್ಳಬಾರದು. ರಾಜಧಾನಿಯಲ್ಲಿ ಪಟ್ಟಿ ಬರೆದವರು ಸಮುದ್ರದ ಕಡೆಯವರು, ಅವರಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ಅತ್ತೆಮಗನನ್ನು ಕೊತ್ವಾಲ ಮಾಡಿ ಕಳಿಸುತ್ತಿದ್ದರೇ?

ಸ್ವಾಗತದ ದಿನ ಮರೆಯುವುದಿಲ್ಲ. ದೊರೆಗಳು ಕೊಡೆಗಳ ಕೆಳಗೆ ಕೂತಿದ್ದಾರೆ, ಮರದ ಬಾಲಾಫೋನ್ ವಾದ್ಯ ಮೊಳಗುತ್ತಿದೆ, ನಿಮ್ಮಪ್ಪ ಇಸ್ತ್ರಿ ಹಾಕಿದ ಸಮವಸ್ತ್ರದಲ್ಲಿ ಕಂಬದ ಹಾಗೆ ನಿಂತಿದ್ದಾರೆ. ಹೆಂಗಸರ ಗುಂಪಿನಿಂದ ಒಬ್ಬ ದಪ್ಪನೆಯ ಮುದುಕಿ ಸೋರೆಬುರುಡೆಯಲ್ಲಿ ನೊರೆ ಉಕ್ಕುವ ಜೋಳದ ಹೆಂಡ ಹಿಡಿದು ನೇರ ಬಂದಳು. ಅವಳೇ ದೋಮಿತಿಲಾ. ಸಂತೆಯಲ್ಲಿ ಹೆಂಡ ಕಾಯಿಸಿ ಮಾರುವವಳು. ನಾಂಗೊಲಿಯ ಅರ್ಧ ಊರು ಅವಳ ಬಾಯಿಗೆ ಹೆದರುತ್ತಿತ್ತು, ಉಳಿದರ್ಧ ಅವಳಲ್ಲಿ ಕುಡಿಯುತ್ತಿತ್ತು. "ಅಯ್ಯಯ್ಯ, ನೋಡ್ರೆವ್ವಾ, ನಮ್ಮ ಗುಲಾಮ ಬಂದಾನ! ನಮ್ಮಜ್ಜನ ಪಾಲಿನ ನಾಯಿತಲಿ ತಿಂದು ಓಡಿ ಹೋಗಿದ್ದಾಂವ, ಈಗ ಟೊಪ್ಪಿಗಿ ಇಟಗೊಂಡು ನಮ್ಮನ್ನ ಆಳಾಕ ಬಂದಾನ!" ಎಂದು ಕೂಗಿದಳು. ಮೈಗಾವಲಿನ ಸೈನಿಕರು ಅವಳ ತೋಳು ಹಿಡಿಯಲು ಧಾವಿಸಿದರು. ನಿಮ್ಮಪ್ಪ ಕೈಯೆತ್ತಿ ತಡೆದರು, ಬುರುಡೆ ತೆಗೆದುಕೊಂಡು ಗಟಗಟ ಕುಡಿದರು, ಮೀಸೆ ಒರೆಸಿಕೊಂಡರು. "ತಲೆ ನಾವು ತಿಂದಿದ್ದು ನಿಜ ಕಣಮ್ಮ. ಬಾಲ ನಿಮಗೇ ಅಂತ ಬಿಟ್ಟಿದ್ವಲ್ಲ, ಇನ್ನೂ ನೆಕ್ತಾ ಇದ್ದೀರಾ?" ಎಂದರು. ಮೈದಾನಕ್ಕೆ ಮೈದಾನವೇ ನಗೆಯಲ್ಲಿ ಬಿದ್ದುಹೋಯಿತು. ಸಮವಸ್ತ್ರದಲ್ಲಿದ್ದಾಗ ಅವರ ಹಲ್ಲು ಕಂಡದ್ದು ನಾನು ಅದೇ ಮೊದಲು.

ಹಾಗೆಂದು ಅವರು ಮೊದಲಿನಿಂದ ಒಳ್ಳೆಯ ಆಡಳಿತಗಾರರಾಗಿದ್ದರು ಎಂದು ತಿಳಿಯಬೇಡ. ಶುರುವಿನ ತಿಂಗಳುಗಳಲ್ಲಿ ಪ್ರಾಂತವನ್ನು ಪಾಳೆಯದ ಹಾಗೆ ನಡೆಸಲು ಹೊರಟರು. ಕೊರಳಲ್ಲೊಂದು ಸೀಟಿ. ತಡವಾಗಿ ಬಂದ ಗುಮಾಸ್ತರಿಗೆ ಕಚೇರಿಯ ಅಂಗಳದಲ್ಲಿ ಕಪ್ಪೆಯಂತೆ ಕುಪ್ಪಳಿಸುವ ಶಿಕ್ಷೆ ಕೊಟ್ಟರು. ಸಂತೆಯಲ್ಲಿ ಸೀಟಿ ಊದಿ ಸೊಪ್ಪಿನವರು ಎಡಕ್ಕೆ, ಮೀನಿನವರು ಬಲಕ್ಕೆ ಎಂದು ಸಾಲು ಹಿಡಿಸಿದರು. ಬೇರೆ ಪ್ರಾಂತದಲ್ಲಾಗಿದ್ದರೆ ಜನ ಬಾಯಿ ಮುಚ್ಚಿಕೊಂಡು ಸಾಲು ನಿಲ್ಲುತ್ತಿದ್ದರೋ ಏನೋ. ಇಲ್ಲಿ ಗುಲಾಮನ ಮಾತು ಯಾರು ಕೇಳುತ್ತಾರೆ? ದೋಮಿತಿಲಾ ಮಾರನೆಯ ವಾರವೇ ಒಂದು ಸೀಟಿ ಗಿಟ್ಟಿಸಿಕೊಂಡು ಅವರ ಜೀಪಿನ ಹಿಂದೆ ಊದುತ್ತ ನಡೆದಳು. ಗುಮಾಸ್ತರ ಹೆಂಡತಿಯರು ಕಪ್ಪೆ ಕಮಿಷನರ ಮೇಲೆ ಹಾಡು ಕಟ್ಟಿದರು. ನಿಮ್ಮಪ್ಪ ಮನೆಗೆ ಬಂದು ಟೋಪಿ ಎಸೆದು, "ಈ ಜನರನ್ನ ಆಳೋಕಾಗಲ್ಲ ಕಣೇ, ನಗ್ತಾರೆ!" ಎಂದರು. ಆಮೇಲೆ ತಾವೇ ಆ ಹಾಡು ಗುನುಗುತ್ತ ಸ್ನಾನಕ್ಕೆ ಹೋದರು. ಸೀಟಿ ಗೂಟಕ್ಕೆ ಬಿತ್ತು. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ದೋಮಿತಿಲಾಳ ಅಂಗಳದಲ್ಲಿ ಮರದ ದಿಮ್ಮಿಯ ಮೇಲೆ ಕೂತು ಬೈಸಿಕೊಳ್ಳುತ್ತ ಕುಡಿಯುವುದು ರೂಢಿಯಾಯಿತು. ಯಾವ ಊರಿನ ಬಾವಿ ಬತ್ತಿದೆ, ಯಾವ ದೊರೆ ಯಾರ ಹೊಲ ನುಂಗಿದ್ದಾನೆ, ಎಲ್ಲ ಬೈಗುಳದ ಜೊತೆಯಲ್ಲೇ ಬರುತ್ತಿತ್ತು. ನದಿಯವರೆಗಿನ ರಸ್ತೆ, ಹೆರಿಗೆ ಆಸ್ಪತ್ರೆ, ಊರೂರಿನ ಕೈಪಂಪು, ಇವೆಲ್ಲ ಕಚೇರಿಯಲ್ಲಿ ಹುಟ್ಟಿದವಲ್ಲ, ಆ ದಿಮ್ಮಿಯ ಮೇಲೆ ಹುಟ್ಟಿದವು.

ನೆನಪಿದೆಯೇ ಅಬಿಲ್ಬಾ, ಬೇವಿನ ಮರಗಳ ನಡುವಿನ ಆ ಬಂಗಲೆ? ರಜೆಗೆ ಬಂದಾಗ ನೀನು ಜೀಪಿನ ಮುಂದೆ ಕೂತು ಹೋಗುತ್ತಿದ್ದೆ. ದೋಮಿತಿಲಾ ನಿನ್ನನ್ನು ಕಂಡರೆ, "ಬಾರಲೇ ಮರಿಗುಲಾಮಾ!" ಎಂದು ಕಿವಿ ಹಿಂಡಿ, ಬಿಸಿ ಬಿಸಿ ಅಲಸಂದೆ ವಡೆ ಎಲೆಯಲ್ಲಿ ಸುತ್ತಿ ಕೊಡುತ್ತಿದ್ದಳು. ನೀನು ಬಾಯಿ ಸುಟ್ಟುಕೊಂಡು ಅತ್ತದ್ದೂ ಉಂಟು. ನಾನು ಸಂಜೆ ವರಾಂಡದಲ್ಲಿ ಕೂತರೆ ನದಿಯ ಕಡೆಯಿಂದ ಹೊಗೆ, ಕಾಯುತ್ತಿರುವ ಹೆಂಡದ ಹುಳಿವಾಸನೆ, ಎಲ್ಲೋ ಬಾಲಾಫೋನು. ನಾವು ಮೂವರೂ ಸುಖವಾಗಿದ್ದ ಕಾಲ ಅದು. ಆಗ ಅದು ಗೊತ್ತಾಗಲಿಲ್ಲ, ಸುಖಕ್ಕೆ ಆ ಒಂದು ಕೆಟ್ಟ ಗುಣವಿದೆ.

ಮೂರನೆಯ ವರ್ಷ ಮಳೆ ಕೈಕೊಟ್ಟಿತು. ಸಜ್ಜೆ ತೆನೆ ಕಟ್ಟಲೇ ಇಲ್ಲ. ಜನ ಬೀಜದ ಕಾಳು ತಿಂದರು, ಆಮೇಲೆ ಶಿಯಾ ಹಣ್ಣು, ಆಮೇಲೆ ಬಾವೊಬಾಬ್ ಮರದ ಎಲೆ. ನಾಂಗೊಲಿಯ ಸರಕಾರಿ ಕಣಜದಲ್ಲಿ ಹಿಂದಿನ ವರ್ಷ ಇದೇ ಜನರಿಂದ ಕೊಂಡ ಜೋಳ ತುಂಬಿತ್ತು. ಅದನ್ನು ಹಂಚಲು ಅಪ್ಪಣೆ ಕೊಡಿ ಎಂದು ನಿಮ್ಮಪ್ಪ ರಾಜಧಾನಿಗೆ ಬರೆದರು, ತಂತಿ ಕೊಟ್ಟರು, ಕೊನೆಗೆ ತಾವೇ ಹೋಗಿ ಯಾರದೋ ಬಾಗಿಲಲ್ಲಿ ಇಡೀ ದಿನ ಕೂತು ಬಂದರು. ಉತ್ತರವಾಗಿ ಬಂದದ್ದು ಲಾರಿಗಳು. ದಕ್ಷಿಣದ ಪಾಳೆಯಗಳಲ್ಲಿ ಸೈನಿಕರಿಗೆ ಊಟಕ್ಕೆ ಕೊರತೆಯಾಗಿ ಗುಸುಗುಸು ಎದ್ದಿತ್ತಂತೆ. ಜೋಳವನ್ನೆಲ್ಲ ಅಲ್ಲಿಗೆ ಸಾಗಿಸಬೇಕೆಂದು ಅಪ್ಪಣೆ. ಲಾರಿಗಳ ಜೊತೆ ಕ್ಯಾಪ್ಟನ್ ಬೋಟ್ವೆ ಎಂಬ ಯುವಕನ ಕೈಕೆಳಗೆ ಒಂದು ತುಕಡಿ. ಸಮುದ್ರದ ಕಡೆಯ ಹುಡುಗ, ನಯವಾಗಿ ಮಾತಾಡುತ್ತಿದ್ದ, ನಮ್ಮ ಮನೆಯಲ್ಲಿ ಬೆಂಡೆಯ ಸಾರು ಉಂಡು ಎರಡು ಸಲ ಬಡಿಸಿಕೊಂಡ. ನಿಮ್ಮ ಮೆಸ್ಸಿನಲ್ಲಿ ನಿನ್ನ ಬೆನ್ನು ತಟ್ಟಿದವನು ಅವನೇ ಇರಬೇಕು. ಅವನನ್ನು ನಾನು ದೂರುವುದಿಲ್ಲ. ಅವನು ದೂರದ ಲಾರಿಯಲ್ಲಿ ಕೂತಿದ್ದ, ಕಂಡದ್ದನ್ನು ಹೇಳುತ್ತಿದ್ದಾನೆ.

ಲಾರಿ ತುಂಬಿದ ಮಾರನೆಯ ಬೆಳಿಗ್ಗೆ ಹೆಂಗಸರು ಕಣಜದ ಗೇಟಿನ ಮುಂದೆ ರಸ್ತೆಗಡ್ಡ ಮಲಗಿಬಿಟ್ಟರು. ಸಾಲಾಗಿ, ಮಕ್ಕಳನ್ನು ಪಕ್ಕದಲ್ಲಿಟ್ಟುಕೊಂಡು. ನಿಮ್ಮಪ್ಪ ಒಂದು ಕಾಲದಲ್ಲಿ ಸಾಲು ಕಲಿಸಿದ್ದರಲ್ಲ, ಅದು ಆ ದಿನ ಉಪಯೋಗಕ್ಕೆ ಬಂತು. ಎಲ್ಲರ ಮುಂದೆ ದೋಮಿತಿಲಾ, ಅಂಗಾತ, ಕೈಕಟ್ಟಿಕೊಂಡು, ಹಬ್ಬದ ಊಟ ಮಾಡಿ ಮಲಗಿದವಳ ಹಾಗೆ. ಬೋಟ್ವೆ ನಿಸ್ತಂತುವಿನಲ್ಲಿ ರಾಜಧಾನಿಯನ್ನು ಕೇಳಿದ. ದಾರಿ ಬಿಡಿಸಿ, ಹೇಗಾದರೂ ಸರಿ, ಜವಾಬ್ದಾರಿ ಕಮಿಷನರದು ಎಂದು ಉತ್ತರ ಬಂತು. ಸೈನಿಕರು ಹೆಗಲ ಬಂದೂಕನ್ನು ಕೈಗೆ ಇಳಿಸಿಕೊಂಡು ನಿಂತರು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಆ ಸುದ್ದಿ ಬಂಗಲೆಗೆ ಬಂದಾಗ ನಾನು ಅವರ ಸಮವಸ್ತ್ರ ತಂದುಕೊಟ್ಟೆ. ತೊಟ್ಟರು. ಗುಂಡಿ ಹಾಕಲು ಹೋದರು, ಬೆರಳು ಕೇಳಲಿಲ್ಲ. ಮೊದಲನೆಯ ಗುಂಡಿಯೇ ಕಾಜಕ್ಕೆ ಸೇರಲಿಲ್ಲ. ಎರಡೂ ಕೈ ಅರಳಿಯ ಎಲೆಯ ಹಾಗೆ ನಡುಗುತ್ತಿದ್ದವು. ನಾನು ಹಾಕಲು ಹೋದೆ. ಅವರ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ನನ್ನ ಬೆರಳಿಗೆ ತಾಗುತ್ತಿತ್ತು. "ಚಪ್ಪಲಿ" ಎಂದರು. ನಾನು ಏನೋ ತಿಳಿಯದೆ ಬಾಗಿಲ ಕಡೆ ನೋಡಿದೆ. "ಅಯಿಂಪೋಕಾ, ಆ ರಸ್ತೆ ತುಂಬಾ ಚಪ್ಪಲಿ ಇರುತ್ತೆ ಇವತ್ತು" ಎಂದರು. ಆಗ ತಿಳಿಯಿತು. ಹೌದು ಮಗನೇ, ನಿಮ್ಮಪ್ಪ ಹೆದರಿದ್ದರು. ಅಂದು ಕಂಡಷ್ಟು ಹೆದರಿಕೆಯನ್ನು ನಾನು ಇನ್ನಾರ ಮುಖದಲ್ಲೂ ಕಂಡಿಲ್ಲ. ಆ ಸಮವಸ್ತ್ರವನ್ನು ನಾನೇ ಬಿಚ್ಚಿ, ಗೂಟದಲ್ಲಿದ್ದ ನೇಯ್ಗೆಪಟ್ಟಿಯ ನಿಲುವಂಗಿಯನ್ನು ಮಗುವಿಗೆ ತೊಡಿಸಿದಂತೆ ತಲೆಯ ಮೇಲಿಂದ ಇಳಿಬಿಟ್ಟೆ. ಅದಕ್ಕೆ ಗುಂಡಿಯಿಲ್ಲವಲ್ಲ. ಬೂಟಿನ ದಾರ ಕಟ್ಟಲೂ ಆಗದೆ ಬಾಗಿಲಲ್ಲಿದ್ದ ಚಪ್ಪಲಿ ಮೆಟ್ಟಿ ಹೊರಟರು. ಬೋಟ್ವೆ ಕಂಡ ಚಪ್ಪಲಿ ಅದು. ಆಮೇಲೆ ಕೆಲವರು ಅದನ್ನು ಜಾಣತನ ಎಂದರು, ಜನರ ವೇಷದಲ್ಲಿ ಜನರ ಬಳಿ ಹೋದ ಎಂದರು; ಕೆಲವರು ಪುಕ್ಕಲುತನ ಎಂದರು, ಸಮವಸ್ತ್ರ ಕಳಚಿ ಜವಾಬ್ದಾರಿ ಕಳಚಿಕೊಂಡ ಎಂದರು. ಎರಡೂ ಅಲ್ಲ. ಕೈ ನಡುಗುತ್ತಿತ್ತು, ಅಷ್ಟೇ. ನಡುಗುವ ಕೈ ಹೊತ್ತುಕೊಂಡೇ ಹೋದರು.

ಕೇಳಬಹುದೇನೋ ಎಂದು ಅವರ ಟೋಪಿ ಹಿಡಿದು ನಾನು ಹಿಂದೆಯೇ ನಡೆದೆ, ಆದ್ದರಿಂದ ಮುಂದಿನದೆಲ್ಲ ನನ್ನ ಕಿವಿಯಾರೆ ಕೇಳಿದ್ದು. ಸೈನಿಕರ ಸಾಲು ದಾಟಿ ಅವರು ಹೋಗಿ ದೋಮಿತಿಲಾಳ ತಲೆಯ ಬಳಿ ನಿಂತರು. ಅವಳು ಕಣ್ಣು ತೆರೆದು ಕೆಳಗಿನಿಂದ ಮೇಲಕ್ಕೆ ನೋಡಿದಳು. "ಏನೋ ಗುಲಾಮಾ, ಅಂಗಿ ಎಲ್ಲೈತಿ ನಿಂದು? ಹೆಂಡ್ತಿ ಒಗ್ಯಾಕ ಹಾಕ್ಯಾಳೇನು?" ಎಂದಳು. "ಗುಂಡಿ ಹಾಕೋಕೆ ಬರ್ಲಿಲ್ಲ ಕಣೇ ಮುದುಕಿ. ಕೈ ನೋಡು" ಎಂದು ಎರಡೂ ಕೈ ಚಾಚಿ ತೋರಿಸಿದರು, ಅಷ್ಟು ಜನರ ಮುಂದೆ, ಸೈನಿಕರ ಮುಂದೆ. "ಯಾಕ ನಡಗತಾವು?" "ನಿನ್ನ ಮಣ್ಣು ಮಾಡೋ ಕೆಲ್ಸ ನನ್ನ ಕೊರಳಿಗೆ ಬೀಳುತ್ತಲ್ಲ ಅಂತ. ಈ ಗಾತ್ರಕ್ಕೆ ಗುಂಡಿ ತೋಡೋರು ಯಾರು?" ಮಲಗಿದ್ದ ಹೆಂಗಸರಲ್ಲಿ ಮೊದಲು ಒಬ್ಬಳು ಮುಸಿಮುಸಿ ನಕ್ಕಳು, ಆಮೇಲೆ ಸಾಲಿಗೆ ಸಾಲೇ ಹೊಟ್ಟೆ ಕುಣಿಸುತ್ತ ನಕ್ಕಿತು. ಖಾಲಿ ಹೊಟ್ಟೆಗಳು. ದೋಮಿತಿಲಾಳೂ ನಕ್ಕಳು, ನಕ್ಕು ಕಣ್ಣೊರೆಸಿಕೊಂಡು ಗಂಭೀರಳಾದಳು. "ನಗಸಿ ಎಬ್ಬಸಬ್ಯಾಡೋ. ಮಕ್ಕಳು ಉಪಾಸ ಅದಾವ. ಕಾಳು ಹೊಕ್ಕಾವೋ, ಇರತಾವೋ? ಅಷ್ಟ ಹೇಳು."

ನಿಮ್ಮಪ್ಪ ತಲೆಯೆತ್ತಿ ಲಾರಿಗಳನ್ನು ನೋಡಿದರು, ಮಲಗಿದ್ದ ಮಕ್ಕಳನ್ನು ನೋಡಿದರು. ಆಮೇಲೆ, "ಸರ್ಕೊಳ್ಳೇ ಅತ್ಲಾಗೆ, ನನಗೂ ಜಾಗ ಬೇಕು" ಎಂದು ಧೂಳಿನಲ್ಲಿ ಅವಳ ಪಕ್ಕ ಕೂತುಬಿಟ್ಟರು. ಪ್ರಾಂತದ ಕಮಿಷನರ್ ರಸ್ತೆಯ ಮಧ್ಯೆ. ಬೋಟ್ವೆ ಲಾರಿಯಿಂದ ಇಳಿದು ಓಡಿಬಂದ. "ಸರ್, ನಿಮ್ಮ ಆಜ್ಞೆ ಏನು?" ಎಂದ, ಅವನ ದನಿಯೂ ಒಡೆದಿತ್ತು. "ಕಾಳು ಇಲ್ಲೇ ಇರುತ್ತೆ. ಲಾರಿ ಊರೂರಿಗೆ ಹೋಗ್ಲಿ." "ಬರೆದು ಕೊಡಿ ಸರ್, ಇಲ್ಲಾಂದ್ರೆ ನನ್ನ ತಲೆ ಹೋಗುತ್ತೆ." "ಕೊಡ್ತೀನಪ್ಪ. ಬೆನ್ನು ಕೊಡು." ಆ ಹುಡುಗ ತಿರುಗಿ ಬಗ್ಗಿದ, ಅವನ ಬೆನ್ನ ಮೇಲೆ ಹಾಳೆಯಿಟ್ಟು ನಿಮ್ಮಪ್ಪ ಬರೆದರು. ಅಕ್ಷರಗಳು ಕೋಳಿ ಕೆದರಿದ ಹಾಗೆ ಬಂದವು. ಸಹಿ ಮಾತ್ರ ನೆಟ್ಟಗಿತ್ತು. ಸಹಿ ಮಾಡುವ ಹೊತ್ತಿಗೆ ನಡುಕ ನಿಂತಿತ್ತು ಅಬಿಲ್ಬಾ. ನಾನು ನೋಡಿದೆ.

ಆ ಜೋಳ ಅದೇ ಲಾರಿಗಳಲ್ಲಿ ಊರೂರಿಗೆ ಹೋಯಿತು. ಕೊನೆಯ ಚೀಲ ಇಳಿಯುವವರೆಗೂ ಇವರು ಜೀಪಿನಲ್ಲಿ ಅಲೆದರು. ಬೇಗ ಬೇಗ ಎನ್ನುತ್ತಿದ್ದರು, ತಮ್ಮನ್ನು ಕರೆದೊಯ್ಯಲು ಬರುವವರು ದಾರಿಯಲ್ಲಿದ್ದಾರೆಂದು ಗೊತ್ತಿತ್ತಲ್ಲ. ಬಂದರು, ಹುದ್ದೆ ಕಿತ್ತರು, ಭುಜದ ಪಟ್ಟಿ ಕಿತ್ತರು. ಮುಂದೆ ಸರಕಾರ ಬದಲಾಗುವ ತನಕ ಸಮುದ್ರದಂಚಿನ ಹಳೆಯ ಕೋಟೆಯಲ್ಲಿಟ್ಟರು. "ಸಮುದ್ರ ದಿನಾ ಕೇಳ್ತಿತ್ತು, ಒಂದು ದಿನಾನೂ ನೋಡ್ಲಿಲ್ಲ" ಎನ್ನುತ್ತಿದ್ದರು. ಬಿಡುಗಡೆಯಾದ ಮೇಲೆ ಯಾರೋ ಒಬ್ಬರು, ನೀವು ಕ್ಷಮಾಪಣೆ ಬರೆದುಕೊಟ್ಟರೆ ಹುದ್ದೆ ವಾಪಸು ಕೊಡಿಸುತ್ತೇನೆ ಎಂದರಂತೆ. "ಜೋಳ ವಾಪಸು ಕೇಳಿ, ನಾಂಗೊಲಿಯವರು ಕಕ್ಕಿ ಕೊಟ್ರೆ ನಾನೂ ಬರೆದು ಕೊಡ್ತೀನಿ" ಎಂದು ಊರಿಗೆ ಬಂದರು. ಬೂಟು ಬಿಟ್ಟು ಈರುಳ್ಳಿ ಬೆಳೆದರು. ನೀನು ಪಡೆಗೆ ಸೇರುತ್ತೇನೆಂದಾಗ ಬೇಡ ಎನ್ನಲಿಲ್ಲ, ಭೇಷ್ ಎನ್ನಲೂ ಇಲ್ಲ. ನೀನು ಹೋದ ದಿನ ಈರುಳ್ಳಿ ಮಡಿಗೆ ಎರಡು ಸಲ ನೀರು ಹಾಯಿಸಿದರು.

ಇನ್ನು ಸಾವಿನ ದಿನದ ಮಾತು. ನೋವಿಲ್ಲದೆ, ಊಟ ಮಾಡಿ ಕೈ ತೊಳೆದು, ಗೋಡೆಗೆ ಒರಗಿ ಹೋದರು. ಪಡೆಯ ಗೌರವಕ್ಕಾಗಿ ನಿನ್ನ ಅನಾಫೊ ಚಿಕ್ಕಪ್ಪ ಪಾಳೆಯದವರೆಗೆ ಹೋಗಿ ಕೇಳಿದ. ಕಿತ್ತುಹಾಕಿದ ಅಧಿಕಾರಿಗೆ ಕಹಳೆಯೂ ಇಲ್ಲ, ಗುಂಡೂ ಇಲ್ಲ ಎಂದು ಸಭ್ಯವಾಗಿಯೇ ಹೇಳಿ ಕಳಿಸಿದರು. ಹೋಗಲಿ ಎಂದುಕೊಂಡೆವು. ಹೆಣ ಎತ್ತುವ ಹೊತ್ತಿಗೆ ಪಡುವಣದ ದಾರಿಯಲ್ಲಿ ಧೂಳೆದ್ದಿತು. ಒಂದು ಲಾರಿ. ಸುದ್ದಿ ಅಷ್ಟು ದೂರ ಹೇಗೆ ಮುಟ್ಟಿತೋ ಇವತ್ತಿಗೂ ಗೊತ್ತಿಲ್ಲ. ನಾಂಗೊಲಿಯವರು ಇಳಿದದ್ದೇ ಓಡಿಬಂದು ಚಟ್ಟ ಹಿಡಿದುಕೊಂಡರು. "ನಮ್ಮ ಗುಲಾಮನ್ನ ನಮ್ಮನ್ನ ಕೇಳದ ಎಲ್ಲಿಗೆ ಒಯ್ಯತೀರಿ? ಇಳಸ್ರಿ!" ಎಂದು ಕೂಗಾಡಿದರು. ಒಬ್ಬ ಉದ್ದನೆಯವನು ಗೂಟದಲ್ಲಿದ್ದ ನಿಮ್ಮಪ್ಪನ ನಿಲುವಂಗಿ ಎಳೆದು ತೊಟ್ಟು, ಹೊಟ್ಟೆಗೆ ದಿಂಬು ತುರುಕಿಕೊಂಡು, ಕೈ ಹಿಂದೆ ಕಟ್ಟಿ ಥೇಟ್ ಅವರ ನಡಿಗೆ ನಡೆದ. ಸೀಟಿ ಊದಿ, "ಸಾಲು ಹಿಡೀರಿ! ಖರೇ ಅಳೋರು ಎಡಕ್ಕ, ಉಣ್ಣಾಕ ಬಂದೋರು ಬಲಕ್ಕ!" ಎಂದ. ಅಳುತ್ತಿದ್ದ ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ, ಮಗನೇ. ಹೆಣದ ಮುಂದೆ ಗಂಡನನ್ನು ನೋಡಿದ ಹಾಗಾಯಿತು, ಅದೂ ನಲವತ್ತರ ಗಂಡನನ್ನು. ಆಮೇಲೆ ಅವರೆಲ್ಲ ನಮ್ಮ ಹೊಲಕ್ಕೆ ನುಗ್ಗಿ ಒಣಗಿದ ಜೋಳದ ದಂಟು ಮುರಿದು ತಂದರು, ಬಂದೂಕಿನಂತೆ ಹೆಗಲಿಗೇರಿಸಿದರು, ಕುಳಿಯ ಎರಡೂ ಬದಿಗೆ ನಿಂತು ಆಕಾಶಕ್ಕೆ ಗುರಿಯಿಟ್ಟು ಬಾಯಲ್ಲೇ "ಠೋ! ಠೋ! ಠೋ!" ಎಂದರು. ನೀನು ನಿನ್ನ ಪಡೆಯಲ್ಲಿ ಎಷ್ಟೋ ಸೆಲ್ಯೂಟ್ ಕಂಡಿರುತ್ತೀಯ. ಇಂಥದು ಕಂಡಿರಲಾರೆ.

ದೋಮಿತಿಲಾಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದಿದ್ದರು. ಆ ಗಾತ್ರವೆಲ್ಲ ಕರಗಿ ಕಡ್ಡಿಯಾಗಿದ್ದಾಳೆ, ಕಣ್ಣೂ ಕಾಣುವುದಿಲ್ಲ. ಕುಳಿಯ ಅಂಚಿಗೆ ತಂದಿಟ್ಟಾಗ ತಡವಿ ತಡವಿ ಕೋಲಿನಿಂದ ನೆಲ ಕುಟ್ಟಿದಳು. "ಏಳೋ, ನಾಯಿತಲಿ ಕದ್ದಾಂವನ! ನನ್ನ ಗುಂಡಿ ತೋಡೋದು ನಿನ್ನ ಕೆಲಸ ಇತ್ತು, ನೀನ ಹೋಗಿ ಮಲಗೀಯಲ್ಲೋ!" ಎಂದು ಬೈದಳು. ಎಲ್ಲರೂ ನಕ್ಕರು. ಅವಳು ಮತ್ತೆ ಬೈಯಲು ಬಾಯಿ ತೆರೆದಳು, ಮಾತು ಬರಲಿಲ್ಲ. ಆ ಬಾಯಿಗೆ ಮಾತು ಬಾರದ್ದನ್ನು ನಾಂಗೊಲಿಯವರು ಯಾರೂ ಕಂಡಿರಲಿಲ್ಲ, ನಗುತ್ತಿದ್ದವರು ನಗು ನಿಲ್ಲಿಸಿದರು. ಕೊನೆಗೆ ನನ್ನ ಕೈ ಹುಡುಕಿ ಹಿಡಿದು ಮೆಲ್ಲಗೆ ಹೇಳಿದಳು: "ಇನ್ನ ನಾ ಯಾರನ್ನ ಬೈಲಿ ತಂಗಿ?" ಗೇಲಿಯ ನಂಟಿನವರು ಅಳಬಾರದು, ಅದು ಕಟ್ಟಳೆ. ಅವಳು ಅತ್ತಳು.

ಇಷ್ಟೇ ಮಗನೇ ನಾನು ಕಂಡದ್ದು. ಹೆಚ್ಚು ಮಾಡಿಲ್ಲ, ಕಡಿಮೆ ಮಾಡಿಲ್ಲ. ಮತ್ತೆ ಯಾರಾದರೂ ಬೆನ್ನು ತಟ್ಟಿ ಕೇಳಿದರೆ ಏನು ಹೇಳಬೇಕೆಂದು ನಾನು ಹೇಳಿಕೊಡುವುದಿಲ್ಲ, ನೀನು ಈಗ ನನ್ನ ವಿದ್ಯಾರ್ಥಿಯಲ್ಲ. ಹೊಟ್ಟೆ ತುಂಬ ಉಣ್ಣು. ನಿನ್ನ ಕೈಕೆಳಗಿನ ಹುಡುಗರಿಗೆಲ್ಲ ಈ ಮುದುಕಿ ಕೇಳಿದಳೆಂದು ಹೇಳು, ಆ ಸೌಟು ಮುರಿದವನಿಗೆ ವಿಶೇಷವಾಗಿ ಹೇಳು. ನಮ್ಮ ಹಿರಿಯರೂ, ಮೇಲಿರುವ ದೇವರೂ ನಿನ್ನ ಹೆಜ್ಜೆ ಕಾಯಲಿ; ನೀನು ನಿಂತ ಗುಡ್ಡದ ಮೇಲೆ ಗುಂಡಿನ ಸದ್ದು ಕೇಳದಿರಲಿ.

ನಿನ್ನ ದಾರಿ ನೋಡುತ್ತ,
ನಿನ್ನನ್ನು ಹೆತ್ತ,
ಅಯಿಂಪೋಕಾ

ಮ.ಬ.: ಪಾದ್ರಿಯವರ ಮೋಟಾರು ಹೊರಟು ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಕೊಯ್ಲಾದ ಮೇಲೆ ನಡೆಯಬೇಕಾದ ಕೊನೆಯ ಕರ್ಮಕ್ಕೆ ನೀನು ಬರುವುದಿಲ್ಲವೆಂದು, ಹಿರಿಮಗ ಹೊರಬೇಕಾದ ಅಪ್ಪನ ಬಿಲ್ಲು ಬತ್ತಳಿಕೆಯನ್ನು ಚಿಕ್ಕಪ್ಪನ ಮಗನೇ ಹೊರಲಿ ಎಂದು ಅನಾಫೊನಿಗೆ ಬರೆದಿದ್ದೀಯಂತೆ. ನನಗೆ ಬರೆಯಲಿಲ್ಲ. ಅವನು ನಿನ್ನೆ ಹಿರಿಯರ ಮುಂದೆ ಅದನ್ನು ಓದಿಸಿದ. ಹೆಂಗಸು ಅಲ್ಲಿ ಮಾತಾಡುವಂತಿಲ್ಲ, ನಾನು ಎದ್ದು ಮಾತಾಡಿದೆ. ನನ್ನ ಮಗ ಬರುವ ತನಕ ಕರ್ಮ ಇಲ್ಲ ಎಂದೆ. ಬಹಳ ಹೊತ್ತು ಗೊಣಗಿ ಕೊನೆಗೆ ಒಪ್ಪಿದರು. ಕರ್ಮ ಆಗದೆ ಸತ್ತವರು ಹಿರಿಯರ ಮನೆಯೊಳಗೆ ಕಾಲಿಡುವಂತಿಲ್ಲ, ಹೊರಗೇ ಕೂತಿರಬೇಕು. ನಿಮ್ಮಪ್ಪ ಕೂತಿರುತ್ತಾರೆ, ಅವರಿಗೇನೂ ಅವಸರವಿಲ್ಲ. ನನಗಿದೆ. ರಜೆ ಕೇಳು.